ಸಹಿ ಯಾರದು?

ಶಾಲೆಯಿಂದ ಪ್ರವಾಸ ಹೊರಡುವ ಮುನ್ನ ನಾವು ಮಕ್ಕಳ ಕೈಯಲ್ಲಿ ಮನೆಗೆ ಒಪ್ಪಿಗೆ ಪತ್ರ ಕಳಿಸುತ್ತೇವೆ. ತಂದೆಯದೋ ತಾಯಿಯದೋ ಸಹಿ ಇಲ್ಲದ ಮಗುವನ್ನು ಬಸ್ಸು ಹತ್ತಿಸಲು ನನಗಂತೂ ಧೈರ್ಯ ಬಂದಿಲ್ಲ. ಒಂದು ದಿನದ ಪ್ರವಾಸಕ್ಕೇ ಇಷ್ಟು ಎಚ್ಚರವಾದರೆ, ಮಗುವಿನ ಮೈಗೆ ಚುಚ್ಚುವ ಸೂಜಿಗೆ ಎಷ್ಟಿರಬೇಕು?

ಗರ್ಭಕಂಠದ ಕ್ಯಾನ್ಸರಿಗೆ ಬಹುಮಟ್ಟಿಗೆ ಕಾರಣ ಎಚ್.ಪಿ.ವಿ. ಎಂಬ ವೈರಸ್. ಇದನ್ನು ತೋರಿಸಿಕೊಟ್ಟ ಜರ್ಮನಿಯ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಸಂದಿತು. ಅದಕ್ಕೂ ಮೊದಲೇ, 2006ರಲ್ಲಿ, ಲಸಿಕೆ ಬಂದಿತ್ತು. ವೈರಸ್ ಹರಡುವುದು ಲೈಂಗಿಕ ಸಂಪರ್ಕದಿಂದ. ಲಸಿಕೆ ಹಾಕಿಸಬೇಕಾದ್ದು ಅದು ತಗಲುವುದಕ್ಕೆ ಬಹಳ ಮುಂಚೆ, 9ರಿಂದ 14ರ ವಯಸ್ಸಿನಲ್ಲಿ. ತಾಯಂದಿರ ಎದೆ ಧಸಕ್ಕೆನ್ನುವುದು ಇಲ್ಲೇ. “ಇನ್ನೂ ಲಂಗ ಹಾಕುವ ಹುಡುಗಿಗೆ ಆ ಮಾತೇಕೆ?” ಎನ್ನುತ್ತಾರೆ. ಅದು ಅಜ್ಞಾನವಲ್ಲ, ಉತ್ತರ ಬೇಡುವ ಪ್ರಶ್ನೆ.

ಆ ಪ್ರಶ್ನೆಯನ್ನು ಕೇಳಲು ಕೆಲವರಿಗೆ ಅವಕಾಶವೇ ಸಿಗಲಿಲ್ಲ. 2009ರಲ್ಲಿ ಅಮೆರಿಕದ ಪಾಥ್ ಸಂಸ್ಥೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಜೊತೆ ಸೇರಿ, ಆಗಿನ ಆಂಧ್ರದ ಖಮ್ಮಂ ಜಿಲ್ಲೆಯಲ್ಲೂ ಗುಜರಾತಿನ ವಡೋದರದಲ್ಲೂ ಹುಡುಗಿಯರಿಗೆ ಈ ಲಸಿಕೆ ಹಾಕಿಸಿತು. ಖಮ್ಮಂನಲ್ಲಿ ಅನೇಕರು ಹಾಸ್ಟೆಲಿನಲ್ಲಿದ್ದ ಗಿರಿಜನರ ಮಕ್ಕಳು. ಎರಡೂ ಕಡೆ ಸೇರಿ ಏಳು ಹುಡುಗಿಯರು ತೀರಿಕೊಂಡರು. 2010ರ ಏಪ್ರಿಲ್‌ನಲ್ಲಿ ಕೆಲಸ ನಿಂತಿತು. ವಿಚಾರಣೆ ನಡೆಸಿದವರಿಗೆ ಕಂಡ ಕಾರಣಗಳು ಹಾವು ಕಡಿತ, ನೀರಿನಲ್ಲಿ ಮುಳುಗಿದ್ದು, ಕೀಟನಾಶಕ, ಜ್ವರ. ಲಸಿಕೆಯಿಂದ ಸತ್ತರೆನ್ನಲು ಆಧಾರ ಸಿಗಲಿಲ್ಲ. ಆದರೆ ಆಂಧ್ರದ 9,543 ಒಪ್ಪಿಗೆ ಪತ್ರಗಳನ್ನು ತೆರೆದು ನೋಡಿದಾಗ 2,763ರಲ್ಲಿ ಸಹಿ ಹಾಕಿದ್ದವರು ಹಾಸ್ಟೆಲ್ ವಾರ್ಡನ್‌ಗಳು. 1,948ರಲ್ಲಿ ಬರಿಯ ಹೆಬ್ಬೆಟ್ಟು. 2013ರಲ್ಲಿ ಸಂಸತ್ತಿನ ಸಮಿತಿ ಇದನ್ನು ಕಟುವಾಗಿ ಟೀಕಿಸಿತು.

ಆ ವಾರ್ಡನ್‌ಗಳನ್ನು ದೂರಲು ನನಗೆ ನಾಲಿಗೆ ಬರುವುದಿಲ್ಲ. ಮೇಲಿನವರು ಹೇಳಿದಾಗ, ಮಕ್ಕಳಿಗೆ ಒಳ್ಳೆಯದೇ ಅಲ್ಲವೇ ಎಂದು, ನಾನೂ ಸಹಿ ಹಾಕಿಬಿಡುತ್ತಿದ್ದೆನೇನೋ. ಆದರೆ ಕೇಳದೆ ಮಾಡಿದ ಒಳ್ಳೆಯದಕ್ಕೆ ಬೆಲೆ ತೆತ್ತದ್ದು ಲಸಿಕೆಯೇ. ಸಾವಿಗೆ ಅದು ಕಾರಣವಲ್ಲ ಎಂದರೂ ನಂಬುವವರು ಕಡಿಮೆಯಾದರು.

ಹೀಗೆ ಹೋದ ನಂಬಿಕೆ ಮರಳಿ ಬಂದದ್ದೂ ಉಂಟು. 2018ರಲ್ಲಿ ಸಿಕ್ಕಿಂ ರಾಜ್ಯ ತನ್ನ ಎಲ್ಲ ಹುಡುಗಿಯರಿಗೂ ಈ ಲಸಿಕೆ ಹಾಕಿಸಲು ಹೊರಟಿತು. ಮೊದಲು ಶಿಕ್ಷಕರಿಗೆ ತಿಳಿಸಿ ಹೇಳಿದರು, ಆಮೇಲೆ ತಂದೆತಾಯಿಗಳಿಗೆ. ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಹುಡುಗಿಯರು ಲಸಿಕೆ ಹಾಕಿಸಿಕೊಂಡರು.

ಈಗ ಯಾರಾದರೂ ತಾಯಿ ನನ್ನನ್ನು, “ಹಾಕಿಸಲೇ, ಟೀಚರ್?” ಎಂದು ಕೇಳಿದರೆ, “ಹಾಕಿಸಿ, ಒಳ್ಳೆಯದು” ಎನ್ನುತ್ತೇನೆ. ಅವರ ಇನ್ನೊಂದು ಪ್ರಶ್ನೆಗಾಗಿ ಕಾದು ಕೂರುತ್ತೇನೆ. ಸಹಿ ಮಾತ್ರ ಅವರದೇ ಆಗಿರಲಿ.