ದಿಲ್ಲಿಯ ಉದ್ಯಾನಗಳಲ್ಲಿ ಪಕ್ಷಿವೀಕ್ಷಣೆ: ಒಂದು ಚಾರಿತ್ರಿಕ ಅವಲೋಕನ

ದಿಲ್ಲಿಯ ಇತಿಹಾಸವೆಂದೊಡನೆ ಕೋಟೆ, ಗೋರಿ, ಸಿಂಹಾಸನಗಳ ಕಥೆ ನೆನಪಿಗೆ ಬರುವುದು ಸಹಜ. ಆದರೆ ಆ ಗೋರಿಗಳ ಬಿರುಕುಗಳಲ್ಲಿ ಗೂಡುಮಾಡಿ, ಆ ಕೋಟೆಗಳ ನೆತ್ತಿಯ ಮೇಲೆ ಸುತ್ತುಹಾಕುತ್ತಿದ್ದ ಹಕ್ಕಿಗಳಿಗೂ ಒಂದು ಚರಿತ್ರೆಯುಂಟು. ಅದಕ್ಕೆ ಶಿಲಾಶಾಸನ, ತಾಮ್ರಪಟಗಳ ಆಧಾರವಿಲ್ಲ. ಬೆಳಗಿನ ಹೊತ್ತು ಉದ್ಯಾನಗಳಲ್ಲಿ ನಡೆದಾಡಿದ ಕೆಲವರ ದಿನಚರಿಗಳೇ ಅದರ ಮೂಲ ದಾಖಲೆಗಳು. ಹೀಗೆ ಬರೆದಿಟ್ಟವರಲ್ಲಿ ಹಲವರು ಆ ನಗರದಲ್ಲಿ ಹುಟ್ಟಿದವರಲ್ಲ, ಕಾರ್ಯನಿಮಿತ್ತ ಕೆಲವು ವರ್ಷ ನೆಲೆಸಿದವರು ಎಂಬುದು ವಿಚಾರಾರ್ಹವಾದ ಸಂಗತಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಪಕ್ಷಿಶಾಸ್ತ್ರವು ಬಂದೂಕನ್ನೇ ನೆಚ್ಚಿಕೊಂಡಿತ್ತು. ಕಾಂಗ್ರೆಸ್ಸಿನ ಸ್ಥಾಪಕರಲ್ಲೊಬ್ಬರಾದ ಎ. ಓ. ಹ್ಯೂಮ್ ಅವರು ಕೂಡಿಸಿ 1885ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿಗೆ ಒಪ್ಪಿಸಿದ ಸಂಗ್ರಹದಲ್ಲಿ ಹಕ್ಕಿಗಳ ಚರ್ಮ, ಮೊಟ್ಟೆಗಳು ಹತ್ತಾರು ಸಾವಿರವಿದ್ದವು. ಜಾತಿನಿರ್ಣಯಕ್ಕೆ ಅಂಥ ಸಂಗ್ರಹವು ಅವಶ್ಯವಾಗಿತ್ತೆಂಬುದು ನಿಜ. ಆದರೆ ಒಂದು ಊರಿನ ಹಕ್ಕಿ ಯಾವ ಮಾಸದಲ್ಲಿ ಬಂದಿತು, ಎಲ್ಲಿ ಗೂಡುಕಟ್ಟಿತು, ಎಷ್ಟು ದಿನ ನಿಂತಿತು ಎಂಬ ಪ್ರಶ್ನೆಗಳಿಗೆ ಸತ್ತ ಹಕ್ಕಿ ಉತ್ತರ ಕೊಡಲಾರದು. ಬಂದೂಕಿನ ಸ್ಥಾನಕ್ಕೆ ದುರ್ಬೀನು ಬಂದ ಮೇಲೆಯೇ ನಗರದ ಉದ್ಯಾನವು ಅಧ್ಯಯನಕ್ಷೇತ್ರವಾಯಿತು.

ಅಂಥ ಕ್ಷೇತ್ರಗಳಲ್ಲಿ ಲೋದಿ ಉದ್ಯಾನವು ಪ್ರಸಿದ್ಧವಾದುದು. ಖೈರ್‌ಪುರವೆಂಬ ಹಳ್ಳಿಯನ್ನು ತೆರವು ಮಾಡಿಸಿ, ಸಯ್ಯದ್ ಮತ್ತು ಲೋದಿ ಸುಲ್ತಾನರ ಸಮಾಧಿಗಳ ಸುತ್ತ 1936ರಲ್ಲಿ ಲೇಡಿ ವಿಲಿಂಗ್ಡನ್ ಅವರ ಹೆಸರಿನಲ್ಲಿ ಈ ಉದ್ಯಾನವನ್ನು ತೆರೆಯಲಾಯಿತು. ಸ್ವಾತಂತ್ರ್ಯಾನಂತರ ಇದಕ್ಕೆ ಈಗಿನ ಹೆಸರು ಬಂದಿತು. ಮನುಷ್ಯರು ಬಿಟ್ಟುಹೋದ ನೆಲದಲ್ಲಿ ಮರಗಳು ಬೆಳೆದವು. ಆಲ, ಅತ್ತಿಯ ಹಣ್ಣಿಗೆ ಮಂಗಟ್ಟೆ ಹಕ್ಕಿಯೂ ಹಸಿರು ಪಾರಿವಾಳವೂ ಬಂದರೆ, ಗೋಡೆಯ ಸಂದುಗಳು ಗಿಳಿಗಳಿಗೂ ಚಿಕ್ಕ ಗೂಬೆಗಳಿಗೂ ಆಶ್ರಯವಾದವು.

1950ರಲ್ಲಿ ದಿಲ್ಲಿಯ ಪಕ್ಷಿವೀಕ್ಷಕರ ಸಂಘವು ಸ್ಥಾಪನೆಯಾಯಿತು. ಅದಕ್ಕೆ ಮುಖ್ಯ ಪ್ರೇರಕರಾದ ಹೊರೇಸ್ ಅಲೆಕ್ಸಾಂಡರ್ ಅವರು ಕ್ವೇಕರ್ ಪಂಥದ ಆಂಗ್ಲರು, ಗಾಂಧೀಜಿಯವರ ಸ್ನೇಹಿತರು, 1947ರ ಆಗಸ್ಟಿನಲ್ಲಿ ಕಲ್ಕತ್ತೆಯಲ್ಲಿ ಅವರೊಡನಿದ್ದವರು. ಇಂದಿರಾ ಗಾಂಧಿಯವರೂ ಈ ಸಂಘದ ಸದಸ್ಯರಾಗಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಿಲ್ಲಿಯಲ್ಲಿದ್ದ ಸೈನ್ಯಾಧಿಕಾರಿ ಹಟ್ಸನ್ ಅವರ ಟಿಪ್ಪಣಿಗಳನ್ನು ಸಂಘವು 1954ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿತು. 1955ರಿಂದ 1960ರವರೆಗೆ ಬ್ರಿಟನ್ನಿನ ಹೈಕಮಿಷನರಾಗಿದ್ದ ಮಾಲ್ಕಮ್ ಮ್ಯಾಕ್‌ಡೊನಾಲ್ಡ್ ಅವರಂತೂ ತಮ್ಮ ನಿವಾಸದ ತೋಟದ ಹಕ್ಕಿಗಳನ್ನೇ ವಸ್ತುವಾಗಿಟ್ಟುಕೊಂಡು ಒಂದು ಪುಸ್ತಕವನ್ನು ರಚಿಸಿದರು. ಅಪೂರ್ವವಾದುದನ್ನು ಹುಡುಕಿ ಹೊರಡದೆ ನಿತ್ಯಪರಿಚಿತವಾದುದನ್ನು ಬಿಡದೆ ಗುರುತಿಸಿದ್ದೇ ಇಂಥ ಬರಹಗಳ ವೈಶಿಷ್ಟ್ಯ.

ಪುರಾನಾ ಕಿಲಾದ ಮಗ್ಗುಲಲ್ಲಿ 1959ರಲ್ಲಿ ರಾಷ್ಟ್ರೀಯ ಮೃಗಾಲಯವು ತೆರೆದಾಗ ಈ ಚರಿತ್ರೆಗೆ ಹೊಸ ಅಧ್ಯಾಯವೊಂದು ಸೇರಿತು. ಅದರ ಕೊಳಗಳ ನಡುಗಡ್ಡೆಗಳ ಮರಗಳಲ್ಲಿ ಮರುವರ್ಷದಿಂದಲೇ ಬಣ್ಣದ ಕೊಕ್ಕರೆಗಳು ಗೂಡುಕಟ್ಟತೊಡಗಿದವು. ಇವನ್ನು ಯಾರೂ ಹಿಡಿದು ತಂದಿರಲಿಲ್ಲ. ಪಂಜರಗಳ ನಡುವೆ ಸ್ವೇಚ್ಛೆಯಿಂದ ಬಂದಿಳಿದ ಪಕ್ಷಿಗಳಿವು. ಮಳೆಗಾಲದ ಕೊನೆಯಲ್ಲಿ ಬಂದು, ಯಮುನೆಯ ಜೌಗುಗಳಿಂದ ಮೀನು ತಂದು ಮರಿಗಳನ್ನು ಸಾಕುತ್ತವೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಇದೇ ಜಾತಿಯ ಹಕ್ಕಿಯು ಬೇಸಗೆಯವರೆಗೂ ಗೂಡಿನಲ್ಲಿರುತ್ತದೆ. ಅಲ್ಲಿಯ ಜನ ಈ ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ. ದಿಲ್ಲಿಯಲ್ಲಿ ಅಂಥ ಹಳ್ಳಿಯ ಮಮತೆ ಇಲ್ಲ. ಕೊಳವೂ ನದಿಯೂ ಉಳಿದರೆ ಮಾತ್ರ ಅವುಗಳ ಬರವು ಉಳಿದೀತು.

ಉಳಿಯದೆ ಹೋದುದಕ್ಕೂ ನಿದರ್ಶನವುಂಟು. ಸೋವಿಯತ್ ಪಕ್ಷಿಶಾಸ್ತ್ರಜ್ಞ ಗಲೂಷಿನ್ ಅವರು 1971ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ದಿಲ್ಲಿಯ 150 ಚದರ ಕಿಲೋಮೀಟರಿನಲ್ಲಿ ಸುಮಾರು 2,400 ಜೋಡಿ ಹದ್ದುಗಳೂ 400 ಜೋಡಿ ಬಿಳಿಬೆನ್ನಿನ ರಣಹದ್ದುಗಳೂ ಗೂಡುಮಾಡುತ್ತಿದ್ದವು. ಅಂದು ರಣಹದ್ದು ಯಾರ ಗಮನವನ್ನೂ ಸೆಳೆಯದಷ್ಟು ಸಾಮಾನ್ಯವಾಗಿತ್ತು. 1990ರ ದಶಕದಲ್ಲಿ ಅದು ದೇಶದಾದ್ಯಂತ ನಾಶವಾಗತೊಡಗಿತು. ದನಕರುಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿದ್ದಿತೆಂಬುದು 2004ರಲ್ಲಿ ಸಿದ್ಧಪಟ್ಟಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಿಷಿದ್ಧವಾಗುವ ವೇಳೆಗೆ ಹಕ್ಕಿ ಬಹುಮಟ್ಟಿಗೆ ಅಳಿದುಹೋಗಿತ್ತು. ಹಿಂದೆ ಎಣಿಸಿಟ್ಟವರಿದ್ದುದರಿಂದಲೇ ನಗರವು ಏನನ್ನು ಕಳೆದುಕೊಂಡಿತೆಂಬುದು ಇಂದು ಅಂಕಿಗಳಲ್ಲಿ ತಿಳಿಯುತ್ತದೆ.

ಈ ಬಿಡಿ ಸಾಕ್ಷ್ಯಗಳ ಪರಂಪರೆಗೆ ಒಂದು ಸಮಗ್ರ ರೂಪವನ್ನಿತ್ತವರು ಉಷಾ ಗಂಗೂಲಿ. ದಿಲ್ಲಿ ಪ್ರದೇಶದ ಪಕ್ಷಿಗಳನ್ನು ಕುರಿತ ಅವರ ಕೈಪಿಡಿಯು ಅವರ ಮರಣಾನಂತರ 1975ರಲ್ಲಿ ಪ್ರಕಟವಾಯಿತು. ಸೈನಿಕ, ರಾಯಭಾರಿ, ಧರ್ಮಸೇವಕ, ವಿದೇಶೀ ವಿಜ್ಞಾನಿ ಇವರೆಲ್ಲರೂ ಬಂದು ಹೋದರು. ಅವರ ಎಣಿಕೆ ಮಾತ್ರ ಊರಿನ ಆಸ್ತಿಯಾಗಿ ನಿಂತಿತು. ಹುಟ್ಟಿದವನಿಗೆ ಬಳಕೆಯಿಂದ ಕಾಣದಂತಾದುದು ಬಂದವನ ಕಣ್ಣಿಗೆ ಹೊಸದಾಗಿ ಬೀಳುತ್ತದೆ. ಹಾಗೆ ಕಂಡುದನ್ನು ದಿನಾಂಕಸಹಿತ ಬರೆದಿಡುವುದು ವಾಸಿಸುವ ಊರಿಗೆ ವಲಸೆಗಾರನು ಸಲ್ಲಿಸಬಹುದಾದ ಋಣಗಳಲ್ಲಿ ಸಣ್ಣದೇನೂ ಅಲ್ಲ.