ಹೊಲದಿಂದ ಆಂಟ್‌ವರ್ಪ್‌ಗೆ

ದೇವದುರ್ಗ, ಮಾನ್ವಿ ಕಡೆಯ ಎಷ್ಟೋ ಹುಡುಗರಿಗೆ ಓಟವೆಂದರೆ ಪೊಲೀಸ್ ನೇಮಕಾತಿಯ 1600 ಮೀಟರ್. ಆರೂವರೆ ನಿಮಿಷದೊಳಗೆ ಮುಗಿಸಬೇಕು. ಹಿಂದಿನ ದಿನವಿಡೀ ಹೊಲದಲ್ಲಿ ದುಡಿದ ಕಾಲಿಗೆ ಅದೂ ದೂರವೇ.

ದಣಿದ ಕಾಲಿನ ಓಟ ಹೊಸದಲ್ಲ. ಭಾರತ ಒಲಿಂಪಿಕ್ಸ್‌ಗೆ ತಂಡ ಕಳುಹಿಸುವ ಯೋಚನೆ ಹುಟ್ಟಿದ್ದೇ ಅಂಥ ಓಟದಿಂದ. 1919ರ ಸುಮಾರಿಗೆ ಪುಣೆಯ ಡೆಕ್ಕನ್ ಜಿಮ್ಖಾನಾ ಕೂಟದಲ್ಲಿ ಎರಡು-ಮೂರು ಮೈಲಿಯಿಂದ ಮ್ಯಾರಥಾನ್‌ವರೆಗೆ ಓಡಿದವರು ಹೆಚ್ಚಾಗಿ ರೈತರು. ಬರಿಗಾಲು, ಬಡ ಊಟ, ತರಬೇತಿಯಂತೂ ಇಲ್ಲ. ಆದರೂ ಅವರ ವೇಗ ಯುರೋಪಿನವರ ಸಮೀಪಕ್ಕೆ ಬಂದುದನ್ನು ಕಂಡು ದೊರಾಬ್ಜಿ ಟಾಟಾ ಬೆರಗಾದರು. ಹೊಲದ ದುಡಿಮೆಯೇ ಕಸರತ್ತು ಎನ್ನುವವರಿದ್ದಾರೆ. ಅದು ಅರ್ಧ ಸತ್ಯ: ದುಡಿಮೆ ತಾಳಿಕೆ ಕೊಟ್ಟೀತು, ಓಟಗಾರನಿಗೆ ಬೇಕಾದ ವಿಶ್ರಾಂತಿಯನ್ನಲ್ಲ.

ಬೆಳಗಾವಿಯ ಫಡೆಪ್ಪ ಚೌಗುಲೆ 1920ರಲ್ಲಿ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಮ್ಯಾರಥಾನ್ ಓಡಿದರು. ಆ ವರ್ಷದ ದೂರ 42.75 ಕಿ.ಮೀ.; ಒಲಿಂಪಿಕ್ಸ್‌ನಲ್ಲಿ ಅಷ್ಟು ಉದ್ದದ ಮ್ಯಾರಥಾನ್ ಮತ್ತೆ ನಡೆದಿಲ್ಲ. ಅವರು 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಗುರಿ ಮುಟ್ಟಿ 19ನೆಯವರಾದರು. ಗೆದ್ದ ಫಿನ್ಲೆಂಡಿನ ಹಾನೆಸ್ ಕೋಲೆಹ್ಮೈನೆನ್‌ಗಿಂತ ಸುಮಾರು 18 ನಿಮಿಷ ಹಿಂದೆ.

ಆಗ ನಿಜಾಮರ ಆಳ್ವಿಕೆಯಲ್ಲಿದ್ದ ರಾಯಚೂರಿನಿಂದ ಪುಣೆಗೆ 1871ರಿಂದಲೇ ರೈಲಿತ್ತು. ಆ ತಂಡದಲ್ಲಿ ಮಾತ್ರ ಈ ಜಿಲ್ಲೆಯವರು ಯಾರೂ ಇರಲಿಲ್ಲ.