ಹಲ್ಲು ಕಟ್ಟಿಸುವುದು: ಹೊಸಪೇಟೆ–ಹಂಪಿ ಸೀಮೆಯ ಇತಿಹಾಸ

ಬಿದ್ದ ಹಲ್ಲಿನ ಜಾಗಕ್ಕೆ ಕೃತಕ ಹಲ್ಲು ಕೂರಿಸಿಕೊಳ್ಳುವುದನ್ನು ಕನ್ನಡದಲ್ಲಿ ‘ಹಲ್ಲು ಕಟ್ಟಿಸುವುದು’ ಎನ್ನುತ್ತಾರೆ. ಈ ಮಾತು ಅತಿ ಹಳೆಯ ವಿಧಾನಕ್ಕೂ ಒಪ್ಪುತ್ತದೆ: ಕ್ರಿ.ಪೂ. 7ನೇ ಶತಮಾನದ ಹೊತ್ತಿಗೆ ಇಟಲಿಯ ಎಟ್ರುಸ್ಕನ್ನರು ಚಿನ್ನದ ಪಟ್ಟಿಯಿಂದ ಕೃತಕ ಹಲ್ಲನ್ನು ಪಕ್ಕದ ಹಲ್ಲಿಗೆ ಬಿಗಿಯುತ್ತಿದ್ದರು. ನಮ್ಮ ಸುಶ್ರುತ ಸಂಹಿತೆಯ ಗಮನ ಇದ್ದ ಹಲ್ಲಿನ ಮೇಲೆ. ಕಿಟ್ಟ ಕೆರೆಯುವ ದಂತಶಂಕು ಅದರಲ್ಲಿ ಹೆಸರಿಸಿದ ಸಾಧನಗಳಲ್ಲೊಂದು.

ಈ ಸೀಮೆಯಲ್ಲಿ ಹಲ್ಲಿನ ಮಾತು ಎಲೆಯಡಿಕೆಗೂ ತಾಗುತ್ತದೆ: 1443ರಲ್ಲಿ ವಿಜಯನಗರಕ್ಕೆ (ಇಂದಿನ ಹಂಪಿಗೆ) ಬಂದ ಪರ್ಷಿಯನ್ ರಾಯಭಾರಿ ಅಬ್ದುರ್ ರಜಾಕ್ ಇಲ್ಲಿನ ವೀಳ್ಯದೆಲೆಯನ್ನು ಬಾಯ್ತುಂಬ ಹೊಗಳಿದ. ಹಲ್ಲು ಹೋದರೂ ಎಲೆಯಡಿಕೆ ಬಿಡದ ಹಿರಿಯರು ಅದನ್ನು ಕುಟ್ಟಾಣಿಯಲ್ಲಿ ಜಜ್ಜಿ ಬಾಯಿಗಿಡುತ್ತಾರೆ. ಬಡವರ ಮನೆಯಲ್ಲಿ ದವಡೆಯ ಕೆಲಸವನ್ನು ಬಹುಕಾಲ ನಿಭಾಯಿಸಿದ್ದು ಆ ಕುಟ್ಟಾಣಿಯೇ.

ಕೃತಕ ಹಲ್ಲಿನ ಪೂರ್ತಿ ಸೆಟ್ಟು ಸಾಮಾನ್ಯರ ಕೈಗೆಟುಕಿದ್ದಕ್ಕೆ ಕಾರಣ ಅಗ್ಗದ ಸಾಮಗ್ರಿ. 19ನೇ ಶತಮಾನದ ನಡುವೆ ಗಟ್ಟಿ ರಬ್ಬರಿನ ವಲ್ಕನೈಟ್ ಬಂತು, 1930ರ ದಶಕದ ಕೊನೆಗೆ ವಸಡಿನ ಬಣ್ಣದ ಅಕ್ರಿಲಿಕ್. ಬೆಂಗಳೂರಿನ ಕೆ.ಆರ್. ಮಾರುಕಟ್ಟೆಯ ಫುಟ್‌ಪಾತಿನಲ್ಲಿ ಹಲ್ಲು ಕಟ್ಟುವವರು ಕೂತಿದ್ದೂ ಅಕ್ರಿಲಿಕ್ ನಂಬಿಯೇ. ದರ ಕಡಿಮೆ, ಸೋಂಕಿನ ಭಯ ಹೆಚ್ಚು.

ಈ ಸೀಮೆಯ ಬೇರೊಂದು ತೊಡಕು ನೀರಿನದು. ಬಳ್ಳಾರಿ, ಕೊಪ್ಪಳ ಭಾಗದ ಅನೇಕ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ, ಲೀಟರಿಗೆ 1.5 ಮಿ.ಗ್ರಾಂ. ದಾಟಬಾರದು. ಹಲ್ಲು ರೂಪುಗೊಳ್ಳುವ ಎಳವೆಯಲ್ಲಿ ಇಂಥ ನೀರು ಕುಡಿದವರ ಎನಾಮಲ್ ಕಂದುಗಟ್ಟುತ್ತದೆ, ತೀವ್ರವಾದರೆ ಗುಳಿ ಬೀಳುತ್ತದೆ. ಎಷ್ಟು ಉಜ್ಜಿದರೂ ಹೋಗದ ಕಲೆ ಅದು. ಹಲ್ಲು ಕೊಳಕೆಂದು ಹುಡುಗರನ್ನು ಹೀಯಾಳಿಸುವುದು ಬರಿಯ ಅನ್ಯಾಯ. ಇವರಿಗೆ ಹಲ್ಲು ಕೀಳುವುದಲ್ಲ, ಹೊದಿಸುವುದು ಪರಿಹಾರ: ಕಾಂಪೋಸಿಟ್ ಲೇಪ, ತೆಳು ವೆನೀರ್, ಹಾನಿ ಹೆಚ್ಚಿದ್ದರೆ ಕ್ಯಾಪ್.

ಇಂಥ ಚಿಕಿತ್ಸೆ ಕಲಿಸುವ ಕಾಲೇಜುಗಳು ಒಂದೊಂದಾಗಿ ಬಂದವು: ಬೆಂಗಳೂರಿನಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಶುರುವಾದದ್ದು 1958ರಲ್ಲಿ, ದಾವಣಗೆರೆಯ ಬಾಪೂಜಿ ದಂತ ಕಾಲೇಜು 1979ರಲ್ಲಿ. ಬಳ್ಳಾರಿಗೆ ಸರ್ಕಾರಿ ದಂತ ಕಾಲೇಜು ಬಂದದ್ದು ಅವೆರಡರ ನಂತರ. 2014–15ರ ಸುಮಾರಿಗೆ ಬಂದ ರಾಜ್ಯದ ‘ದಂತಭಾಗ್ಯ’ ಯೋಜನೆ ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತ ಸೆಟ್ಟು ಕೊಟ್ಟಿತು. ಆದರೆ ಸೆಟ್ಟು ಒಂದೇ ಓಡಾಟಕ್ಕೆ ಆಗುವುದಿಲ್ಲ: ಅಚ್ಚು ತೆಗೆಯಬೇಕು, ಕಚ್ಚು ನೋಡಬೇಕು, ಮೇಣದ ಮೇಲೆ ಹಲ್ಲು ಜೋಡಿಸಿ ಮತ್ತೆ ಪರೀಕ್ಷಿಸಬೇಕು. ಸಂಡೂರು, ಕಂಪ್ಲಿ ಕಡೆಯ ಮುದುಕರಿಗೆ ಪ್ರತಿ ಸಲವೂ ಬಸ್ಸು, ಜೊತೆಗೊಬ್ಬರು, ಒಂದು ದಿನದ ಕೂಲಿ.

ಸೆಟ್ಟಿನ ಬದಲು ದವಡೆಯ ಮೂಳೆಗೇ ಕೃತಕ ಬೇರು ಕೂರಿಸುವುದು ಇನ್ನೊಂದು ದಾರಿ: ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಟೈಟಾನಿಯಂ ಇಂಪ್ಲಾಂಟ್ ಕೂರಿಸಿದರು. ಮೂಳೆ ಆ ಲೋಹವನ್ನು ಬಿಗಿಯಾಗಿ ಅಪ್ಪುತ್ತದೆ. ಹಲ್ಲು ಹೋಗಿ ವರ್ಷಗಟ್ಟಲೆ ಆದವರ ದವಡೆ ಸವೆದಿರುವುದರಿಂದ ಅವರಿಗೆ ಮೊದಲು ಮೂಳೆ ತುಂಬಬೇಕಾಗಬಹುದು. ಬೇಡವೆಂದರೆ ರಾತ್ರಿ ಬಿಚ್ಚಿ ನೀರಿನಲ್ಲಿಡುವ ಸೆಟ್ಟೇ ಗತಿ.